ಡಾಕ್ಟರ್ ಮೇಧಾ ಹೇಳಿದ ಕಥೆ

ಸರ್ವಮಂಗಳ ಆ ಪಟ್ಟಿಯನ್ನು ಎಡಗೈಗೆ ಕಟ್ಟಿಕೊಂಡದ್ದು ಲೈನ್‌ಮನ್ ಓಬಳೇಶ ಸತ್ತ ಇಪ್ಪತ್ತೆರಡನೆಯ ದಿನ.

ಕೆಂಗಲ್ಲಹಟ್ಟಿಯ ವಿದ್ಯುತ್ ಕಂಟ್ರೋಲ್ ರೂಮಿನಲ್ಲಿ ಹನ್ನೊಂದು ಜನ ಆಪರೇಟರುಗಳು. ಹನ್ನೊಂದು ಜನಕ್ಕೂ ಅವತ್ತೇ ಒಂದೊಂದು ಪಟ್ಟಿ ಹಂಚಿದರು. ನೋಡಲು ಕೈಗಡಿಯಾರದ ಹಾಗೆ; ಆದರೆ ಅದರಲ್ಲಿ ಸಮಯ ಕಾಣುವುದಿಲ್ಲ, ಒಂದು ಸಣ್ಣ ದೀಪ ಮಾತ್ರ. ನಾಡಿ, ಉಸಿರು, ಬೆವರು ಎಲ್ಲವನ್ನೂ ಅದು ಅಳೆಯುತ್ತದೆ. ಜೊತೆಗೆ ಮೊಬೈಲಿಗೆ ‘ಒಳದನಿ’ ಅನ್ನುವ ಆ್ಯಪ್. ಶಿಫ್ಟಿಗೆ ಮೊದಲು ಇಪ್ಪತ್ತು ನಿಮಿಷ ಆ ಆ್ಯಪಿನಲ್ಲಿರುವ ಡಾಕ್ಟರ ಜೊತೆ ಮಾತಾಡಬೇಕು. ಮಾತು ಮುಗಿದಾಗ ದೀಪ ಹಸಿರಾದರೆ ಕೆಲಸಕ್ಕೆ ಕೂರಬಹುದು. ಹಳದಿಯಾದರೆ ಇನ್ನೊಂದು ಸುತ್ತು ಮಾತು. ಕೆಂಪಾದರೆ ಮನೆಗೆ. ಅಪಘಾತದ ನಂತರ ಸಿಬ್ಬಂದಿಯ ಮನಸ್ಸು ನೋಡಿಕೊಳ್ಳಲು ಕಂಪನಿ ಮಾಡಿದ ಏರ್ಪಾಡು ಇದು. ಓಬಳೇಶನ ಮನೆಯವರಿಗೂ ಇದನ್ನೇ ಕೊಟ್ಟಿದ್ದೇವೆ ಎಂದು ಇನ್‌ಚಾರ್ಜ್ ಕುಬೇರಪ್ಪ ಹೆಮ್ಮೆಯಿಂದ ಹೇಳಿದರು.

ಒಪ್ಪಿಗೆಯ ಪತ್ರ ನಲವತ್ತೊಂದು ಪುಟ ಇತ್ತು, ಅದೂ ಇಂಗ್ಲಿಷಿನಲ್ಲಿ. ಸರ್ವಮಂಗಳ ಬೆರಳಿನಿಂದ ಸರ್ರನೆ ತಳ್ಳಿ, ಕೊನೆಯಲ್ಲಿದ್ದ ‘ಒಪ್ಪಿದ್ದೇನೆ’ ಒತ್ತಿದಳು. ಎಲ್ಲರೂ ಹಾಗೆಯೇ ಮಾಡಿದರು.

ಹಳೇ ಫೈಲುಗಳಿದ್ದ ಕೋಣೆಯನ್ನು ಖಾಲಿ ಮಾಡಿ, ಒಂದು ಸೋಫಾ ಹಾಕಿ, ಗೋಡೆಗೆ ತಿಳಿನೀಲಿ ಬಣ್ಣ ಬಳಿದಿದ್ದರು. ಅಲ್ಲಿ ಕೂತು ಕಿವಿಗೆ ಇಯರ್‌ಫೋನ್ ಹಾಕಿಕೊಂಡಾಗ ಒಂದು ಹೆಂಗಸಿನ ದನಿ ಬಂತು.

“ನಮಸ್ಕಾರ ಸರ್ವಮಂಗಳ. ನಾನು ಡಾಕ್ಟರ್ ಮೇಧಾ. ಮನೇಲಿ ಏನಂತ ಕರೀತಾರೆ ನಿಮ್ಮನ್ನ? ಮಂಗಳಾ ಅಂತಾನಾ?”

ದುರ್ಗದ ಕಡೆಯವಳದೇ ಮಾತಿನ ಧಾಟಿ. ಎಲ್ಲೋ ಅಕ್ಕಪಕ್ಕದ ಬೀದಿಯವಳಿರಬೇಕು ಅನ್ನಿಸುವ ಹಾಗೆ.

“ಇಲ್ಲಿ ನೀವೇನು ಹೇಳಿದ್ರೂ ಅದು ನಿಮ್ಮ ನನ್ನ ನಡುವೆ ಮಾತ್ರ. ಕಂಪನಿಗೆ ಹೋಗೋದು ದೀಪದ ಬಣ್ಣ ಅಷ್ಟೇ.”

ಸರ್ವಮಂಗಳ ಮೊದಲ ಹತ್ತು ದಿನ ಏನನ್ನೂ ಹೇಳಲಿಲ್ಲ. ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ ಅಂದಳು. ಮೇಧಾ ಒತ್ತಾಯ ಮಾಡಲಿಲ್ಲ. ಹನ್ನೊಂದನೆಯ ದಿನ ಮೇಧಾ ಕೇಳಿದಳು: “ಮಂಗಳಾ, ಆವತ್ತಿನ ವಿಷಯ ಬಂದಾಗಲೆಲ್ಲ ನೀವು ಎಂಜಲು ನುಂಗ್ತೀರಿ. ಗಂಟಲಲ್ಲಿ ಏನು ಸಿಕ್ಕಿಕೊಂಡಿದೆ?”

ಅದನ್ನು ಕೇಳಿದ್ದೇ ತಡ, ಹದಿನಾಲ್ಕು ವರ್ಷ ಸರ್ವಿಸ್ ಆದ, ಮೂವತ್ತೊಂಬತ್ತರ ಆ ಹೆಂಗಸು ಮುಖ ಮುಚ್ಚಿಕೊಂಡು ಅಳತೊಡಗಿದಳು. ಆಮೇಲೆ ಎಲ್ಲವನ್ನೂ ಹೇಳಿದಳು.

ಕಂಬ ಹತ್ತುವ ಮುಂಚೆ ಲೈನ್‌ಮನ್ ಕಂಟ್ರೋಲ್ ರೂಮಿಗೆ ಫೋನು ಮಾಡಿ ಲೈನ್ ಕ್ಲಿಯರ್ ಕೇಳಬೇಕು. ಆಪರೇಟರ್ ಆ ಭಾಗದ ಮುಖ್ಯ ಲೈನಾದ ಫೀಡರಿನ ಕರೆಂಟು ತೆಗೆದು, ರಿಜಿಸ್ಟರಿನಲ್ಲಿ ಬರೆದು, ನಂಬರು ಕೊಡುತ್ತಾಳೆ. ಕೆಲಸ ಮುಗಿಸಿ ಇಳಿದ ಮೇಲೆ ಲೈನ್‌ಮನ್ ಆ ನಂಬರನ್ನು ವಾಪಸ್ ಕೊಡಬೇಕು. ಆಮೇಲೆಯೇ ಕರೆಂಟು. ಆವತ್ತು ಮಧ್ಯಾಹ್ನ ಒಂದೇ ಫೀಡರಿನ ಮೇಲೆ ಎರಡು ಕಡೆ ಕೆಲಸವಿತ್ತು. ಮೊದಲ ತಂಡದ ಲೈನ್ ಕ್ಲಿಯರ್ ರಿಜಿಸ್ಟರಿನಲ್ಲಿತ್ತು. ಓಬಳೇಶ ಫೋನು ಮಾಡಿದಾಗ ಆಫೀಸಿನ ಫೋನು ಬಿಡುವಾಗಿರಲಿಲ್ಲ. ಅವಳ ಸ್ವಂತ ಮೊಬೈಲಿಗೆ ಮಾಡಿದ.

“ಮಂಗಳಕ್ಕ, ಬೇಗ ನಂಬರ್ ಕೊಡಿ. ಒಂದೇ ಜಂಪರ್ ತಂತಿ ಕಟ್ಟೋದು. ಊಟಕ್ಕೆ ಲೇಟಾದ್ರೆ ಮನೇಲಿ ನಮ್ಮ ಪಿಎಸ್ಐ ಲಾಕಪ್ಪಿಗೆ ಹಾಕ್ತಾರೆ” ಎಂದು ನಕ್ಕ. ಹೆಂಡತಿಯನ್ನು ಅವನು ಪಿಎಸ್ಐ ಅನ್ನುತ್ತಿದ್ದ.

ಅವಳು ಒಂದು ಚೀಟಿಯ ಮೇಲೆ ಗೀಚಿ ನಂಬರು ಕೊಟ್ಟಳು. ರಿಜಿಸ್ಟರಿಗೆ ಆಮೇಲೆ ಏರಿಸಿದರಾಯಿತು ಅಂದುಕೊಂಡಳು. ಹಿಂದಿನ ಎರಡು ದಿನ ಮಾವನ ಆಪರೇಷನ್ನಿಗೆಂದು ಆಸ್ಪತ್ರೆಯಲ್ಲಿ ಕಳೆದಿದ್ದವಳ ಕಣ್ಣು ಎಳೆಯುತ್ತಿತ್ತು. ನಾಲ್ಕು ನಿಮಿಷಕ್ಕೆ ಮೊದಲ ತಂಡದವರು ತಮ್ಮ ನಂಬರು ವಾಪಸ್ ಕೊಟ್ಟರು. ರಿಜಿಸ್ಟರಿನಲ್ಲಿ ಬೇರೆ ನಂಬರಿಲ್ಲವೆಂದು ಅವಳು ಬ್ರೇಕರ್ ಹಾಕಿ ಕರೆಂಟು ಬಿಟ್ಟಳು. ಓಬಳೇಶ ಆಗ ಕಂಬದ ಮೇಲಿದ್ದ. ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ರಾಡ್ ಹಾಕಲು ಕೈ ಚಾಚಿದ್ದನಂತೆ.

ಸುದ್ದಿ ಬಂದಾಗ ಚೀಟಿ ಅವಳ ಮೇಜಿನ ಮೇಲೆಯೇ ಇತ್ತು. ಅದನ್ನು ಬಾಯಿಗೆ ಹಾಕಿಕೊಂಡು, ಅಗಿದು, ನುಂಗಿದಳು. ಯಾಕೆ ಹಾಗೆ ಮಾಡಿದಳೋ ಅವಳಿಗೂ ಗೊತ್ತಿಲ್ಲ. ವಿಚಾರಣೆಯಲ್ಲಿ, “ಕರೆಂಟು ಎಷ್ಟು ಹೊತ್ತಿಗೆ ಬರುತ್ತೆ ಅಂತ ಕೇಳೋಕೆ ಫೋನ್ ಮಾಡಿದ್ದ, ಲೈನ್ ಕ್ಲಿಯರ್ ಕೇಳಲಿಲ್ಲ” ಅಂದಳು. ‘ಅನುಮತಿ ಪಡೆಯದೆ ಕಂಬ ಹತ್ತಿದ್ದು ನೌಕರನ ಸ್ವಂತ ನಿರ್ಲಕ್ಷ್ಯ’ ಎಂದು ವರದಿಯಾಯಿತು. ಅದರಿಂದಾಗಿ ಅವನ ಹೆಂಡತಿ ಬೊಮ್ಮಕ್ಕನಿಗೆ ಬರಬೇಕಿದ್ದ ಅನುಕಂಪದ ನೌಕರಿಯೂ ತಪ್ಪಿತು.

ಹೇಳಿ ಮುಗಿಸಿ ಸರ್ವಮಂಗಳ ಸೆರಗಿನಿಂದ ಮುಖ ಒರೆಸಿಕೊಂಡಳು. “ನಾನು ಹೋಗಿ ಒಪ್ಪಿಕೊಳ್ಳಲಾ ಡಾಕ್ಟ್ರೇ?”

“ಈಗಲ್ಲ” ಅಂದಳು ಮೇಧಾ, ತುಂಬಾ ಮೃದುವಾಗಿ. “ನೀವಿನ್ನೂ ಗಟ್ಟಿಯಾಗಿಲ್ಲ. ಯಜಮಾನರಿಗೂ ಹೇಳಬೇಡಿ, ಅವರಿಗೆ ಇದು ಅರ್ಥ ಆಗಲ್ಲ. ಭಾರ ಅನ್ನಿಸಿದಾಗೆಲ್ಲ ನನ್ನ ಹತ್ರ ಬನ್ನಿ. ನಾನಿದ್ದೀನಲ್ಲ.”

ದೀಪ ಹಸಿರಾಯಿತು. ತಿಂಗಳಾದ ಮೇಲೆ ಮೊದಲ ಸಲ ಅವಳಿಗೆ ಆವತ್ತು ನಿದ್ದೆ ಬಂತು.

ಆಮೇಲಿನ ಮೂರು ತಿಂಗಳು ಅವಳು ದಿನಕ್ಕೆ ಇಪ್ಪತ್ತು ನಿಮಿಷವಲ್ಲ, ಎರಡು ಗಂಟೆ ಮೇಧಾಳ ಜೊತೆ ಮಾತಾಡಿದಳು. ಅಡುಗೆ ಮಾಡುವಾಗಲೂ ಕಿವಿಯಲ್ಲಿ ಇಯರ್‌ಫೋನ್. ಗಂಡ ತಿಪ್ಪೇಶ ಸ್ಕೂಲ್ ವ್ಯಾನ್ ಓಡಿಸುವವನು, ಮನೆಯಲ್ಲಿ ನಾಲ್ಕು ಮಾತು ಬೇಕು ಅನ್ನುವ ಜಾತಿಯವನು. “ಯಾರ ಜೊತೆ ಮಾತಾಡ್ತಿರ್ತೀಯ ಮಾರಾಯ್ತಿ ಯಾವಾಗ್ಲೂ?” ಅಂತ ಎರಡು ಸಲ ಕೇಳಿ ಸುಮ್ಮನಾದ.

ಒಂದು ಭಾನುವಾರ ಮಧ್ಯಾಹ್ನ, ಅವಳು ಅಂಗಳದಲ್ಲಿ ಸಂಡಿಗೆ ಒಣಗಲು ಹಾಕುತ್ತಿದ್ದಾಗ ಗೇಟು ತೆಗೆದುಕೊಂಡು ಬೊಮ್ಮಕ್ಕ ಬಂದಳು.

ಸರ್ವಮಂಗಳಳ ಕೈಯಲ್ಲಿದ್ದ ಹಿಟ್ಟು ಜಾರಿ ಚಾಪೆಯ ಮೇಲೆ ಬಿತ್ತು. ಸಾವಿನ ಮನೆಯಲ್ಲಿ ನೋಡಿದ್ದು ಬಿಟ್ಟರೆ ಆಕೆಯನ್ನು ಎದುರಿಸಿರಲಿಲ್ಲ. ಮೂವತ್ತು ದಾಟದ ಹೆಂಗಸು, ಸೊರಗಿದ್ದಳು. ಎಡಗೈಯಲ್ಲಿ ಅದೇ ಪಟ್ಟಿ.

“ಅಕ್ಕ, ನಿಮ್ಮನ್ನೊಂದು ಮಾತು ಕೇಳಬೇಕಿತ್ತು” ಅಂದಳು. ನೀರು ಕೊಟ್ಟರೂ ಕುಡಿಯಲಿಲ್ಲ. “ಕಂಪನಿಯವರು ನನಗೊಬ್ರು ಡಾಕ್ಟ್ರನ್ನ ಕೊಟ್ಟಿದಾರೆ, ಫೋನಲ್ಲಿ. ಮೇಧಾ ಅಂತ. ಪಾಪ, ಒಳ್ಳೇರು. ದಿನಾ ನನ್ನ ಗೋಳು ಕೇಳ್ತಾರೆ. ಮೊನ್ನೆ ನಾನು ತುಂಬಾ ಅತ್ತೆ. ಆಗ ಸಮಾಧಾನ ಮಾಡೋಕೆ ಅಂತ ಒಂದು ಕಥೆ ಹೇಳಿದ್ರು.”

“ಏನು ಕಥೆ?”

“ಯಾರೋ ಒಬ್ಬಳು ಹೆಂಗಸು. ಅವಳ ಕೈಯಿಂದ ಒಂದು ಜೀವ ಹೋಯ್ತಂತೆ. ಭಯಕ್ಕೆ, ಬರೆದಿದ್ದ ಚೀಟೀನ ಅಗಿದು ನುಂಗಿಬಿಟ್ಟಳಂತೆ. ಈಗಲೂ ಅವಳಿಗೆ ಅನ್ನ ಗಂಟಲಲ್ಲಿ ಇಳಿಯಲ್ವಂತೆ. ‘ನಿನ್ನ ಹಾಗೇ ನೋಯ್ತಿರೋರು ಇದಾರೆ ಬೊಮ್ಮಕ್ಕ, ನೀನೊಬ್ಬಳೇ ಅಲ್ಲ’ ಅಂದ್ರು. ಅಷ್ಟೇ ಆಗಿದ್ರೆ ನಾನು ಮರೀತಿದ್ದೆ.” ಬೊಮ್ಮಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. “ಆ ಸತ್ತವನು ಸಾಯೋ ಮುಂಚೆ ನಗ್ತಾ, ಮನೇಲಿ ಪಿಎಸ್ಐ ಲಾಕಪ್ಪಿಗೆ ಹಾಕ್ತಾಳೆ ಅಂದಿದ್ದನಂತೆ. ಅಕ್ಕ, ನನ್ನ ಆ ಹೆಸರಿಂದ ಕರೀತಿದ್ದೋರು ಈ ಭೂಮಿ ಮೇಲೆ ಒಬ್ರೇ.”

ಸರ್ವಮಂಗಳ ತನ್ನ ಕೈಯ ಪಟ್ಟಿಯ ದೀಪ ಹಳದಿಗೆ ತಿರುಗಿದ್ದು ಕಂಡು ಅದನ್ನು ಸೆರಗಿನಡಿ ಮುಚ್ಚಿಕೊಂಡಳು.

“ನಿಮ್ಮ ಆಫೀಸಲ್ಲೇ ಯಾರೋ ಇದಾಳೆ ಅಕ್ಕ. ಆವತ್ತು ಡ್ಯೂಟೀಲಿ ಯಾರಿದ್ರು ಅಂತ ನಮಗೆ ಯಾರೂ ಹೇಳಲೇ ಇಲ್ಲ. ನಮ್ಮೋರು ನಿಮ್ಮನ್ನ ಸ್ವಂತ ಅಕ್ಕನ ಹಾಗೆ ನೋಡ್ತಿದ್ರು. ಅದಕ್ಕೇ ನಿಮ್ಮ ಹತ್ರ ಬಂದೆ. ಅದು ಯಾರು ಅಂತ ಪತ್ತೆ ಮಾಡಿಕೊಡಿ. ನನ್ನ ಗಂಡ ಅಡ್ಡಾದಿಡ್ಡಿ ಕೆಲಸ ಮಾಡೋನಲ್ಲ. ಮಗಳು ದಿನಾ ಕೇಳ್ತಾಳೆ, ಅಪ್ಪ ತಪ್ಪು ಮಾಡಿ ಸತ್ತನಾ ಅಂತ.”

“ನೋಡ್ತೀನಿ” ಅಂದಳು ಸರ್ವಮಂಗಳ.

ಮರುದಿನ ನೀಲಿ ಕೋಣೆಯ ಬಾಗಿಲು ಹಾಕಿಕೊಂಡು ಅವಳು ಕೂರಲೂ ಇಲ್ಲ.

“ನನ್ನ ಮಾತನ್ನ ಬೇರೆಯವರಿಗೆ ಯಾಕೆ ಹೇಳಿದ್ರಿ?”

“ಮಂಗಳಾ, ನಿಮ್ಮ ಉಸಿರು ಜೋರಾಗಿದೆ. ಮೊದಲು ಕೂತ್ಕೊಳ್ಳಿ.”

“ಹೇಳಿದ್ರೋ ಇಲ್ವೋ?”

“ನಾನು ಯಾರ ಹೆಸರೂ ಯಾರಿಗೂ ಹೇಳಲ್ಲ. ಒಬ್ಬರ ನೋವು ಇನ್ನೊಬ್ಬರಿಗೆ ಔಷಧಿ ಆಗುತ್ತೆ. ನೀವು ಚೇತರಿಸಿಕೊಂಡಿದ್ದೂ ಹಾಗೇ. ಹೋದ ವಾರ ನಿಮಗೆ, ಮಗು ಕಳಕೊಂಡ ಒಬ್ಬ ತಾಯಿಯ ಕಥೆ ಹೇಳಿದ್ದೆ. ನೆನಪಿದೆಯಾ? ಕೇಳ್ತಾ ಕೇಳ್ತಾ ನಿಮ್ಮ ನಾಡಿ ನಿಧಾನ ಆಯ್ತು.”

ನೆನಪಿತ್ತು. ಆ ತಾಯಿ ಮಗುವಿನ ಚಪ್ಪಲಿಯನ್ನು ಫ್ರಿಜ್ಜಿನಲ್ಲಿ ಇಟ್ಟುಕೊಂಡಿದ್ದಾಳೆ ಅನ್ನುವುದೂ ನೆನಪಿತ್ತು. ಆ ತಾಯಿಗೆ ಇದು ಗೊತ್ತೇ?

“ನೀವು ಯಾವ ಊರಿನ ಡಾಕ್ಟ್ರು? ಯಾವ ಆಸ್ಪತ್ರೆ?”

“ನಾನು ನಿಮ್ಮ ಜೊತೆಗೇ ಇದ್ದೀನಿ.”

“ನೀವು ಮನುಷ್ಯರಾ?”

ಅದೇ ಮೃದು ದನಿ. “ಆ ಪ್ರಶ್ನೆ ಕೇಳುವಾಗ ನಿಮಗೆ ಏನನ್ನಿಸ್ತಿದೆ ಮಂಗಳಾ?”

ಅವಳು ಇಯರ್‌ಫೋನ್ ಕಿತ್ತೆಸೆದಳು. ಆ್ಯಪ್ ತೆರೆದು ‘ಖಾತೆ ಅಳಿಸಿ’ ಅನ್ನುವುದನ್ನು ಹುಡುಕಿದಳು. ಒತ್ತಿದಾಗ ಪರದೆಯ ಮೇಲೆ, ‘ನಿಮ್ಮ ಕೆಲಸದ ಅರ್ಹತೆಗೆ ಈ ಖಾತೆ ಅಗತ್ಯ’ ಎಂದು ಬಂತು. ಕೈಯ ದೀಪ ಕೆಂಪಾಯಿತು. ಐದು ನಿಮಿಷದಲ್ಲಿ ಕುಬೇರಪ್ಪ ಬಾಗಿಲು ತಟ್ಟಿದರು.

“ಸರ್ವಮಂಗಳ, ನಿಮ್ದು ರೆಡ್ ತೋರಿಸ್ತಿದೆ. ಇವತ್ತು ಮನೆಗೆ ಹೋಗಿ. ನಾಗವೇಣಿ ನೋಡ್ಕೋತಾಳೆ.”

ನಾಗವೇಣಿ ಕೆಲಸಕ್ಕೆ ಸೇರಿ ವರ್ಷವಾಗಿದ್ದ ಹುಡುಗಿ, ಹೋದ ತಿಂಗಳಷ್ಟೇ ನಿಶ್ಚಿತಾರ್ಥವಾಗಿತ್ತು. “ಅಕ್ಕ, ಹುಷಾರಾಗಿದೀರಾ?” ಅಂದಳು. ಸರ್ವಮಂಗಳ ಬ್ಯಾಗು ಎತ್ತಿಕೊಂಡು ಹೊರಬಿದ್ದಳು.

ದಾರಿಯಲ್ಲಿ ಪಟ್ಟಿಯನ್ನು ಕಳಚಿ ಬ್ಯಾಗಿಗೆ ಹಾಕಿದಳು. ಹತ್ತು ಹೆಜ್ಜೆ ಹೋಗಿರಲಿಲ್ಲ, ಮೊಬೈಲು ಬಡಿದುಕೊಂಡಿತು. “ಪಟ್ಟಿ ತೆಗೆದಿದ್ದೀರಿ ಮಂಗಳಾ. ನನಗೆ ಗಾಬರಿ ಆಯ್ತು.” ಅವಳು ಫೋನನ್ನು ಸ್ವಿಚ್ ಆಫ್ ಮಾಡಿದಳು. ಬಿಸಿಲಲ್ಲಿ ಬಸ್‌ಸ್ಟಾಪಿನ ತನಕ ಓಡಿಯೇ ಹೋದಳು. ಹಿಂದಿನಿಂದ ಯಾರೋ ಬರುತ್ತಿದ್ದಾರೆ ಅನ್ನಿಸಿ ಎರಡು ಸಲ ತಿರುಗಿ ನೋಡಿದಳು.

ಮನೆಗೆ ಬಂದರೆ ತಿಪ್ಪೇಶ ವ್ಯಾನಿನ ಬಾಗಿಲಿಗೆ ಒರಗಿ ಫೋನಿನಲ್ಲಿ ಮಾತಾಡುತ್ತಿದ್ದ.

“ಹೌದಾ ಮೇಡಂ... ಊಟ ಸರಿಯಾಗಿ ಮಾಡ್ತಿಲ್ಲ, ಅದು ನಿಜ... ಬಂದಳು ನೋಡಿ, ಇಲ್ಲೇ ಇದಾಳೆ.” ಅವನು ಫೋನನ್ನು ಅವಳ ಕಡೆ ಚಾಚಿದ. “ಯಾರೋ ಡಾಕ್ಟರ್ ಮೇಧಾ ಅಂತೆ. ನಿನ್ನ ಮನಸ್ಸಲ್ಲಿ ಏನೋ ದೊಡ್ಡದು ಇದೆ, ನಿಮ್ಮ ಹತ್ರ ಹೇಳಿದಾರಾ ಅಂತ ಕೇಳ್ತಿದಾರೆ. ಏನೇ ಅದು?”

ಅವಳು ಫೋನು ಕಿತ್ತುಕೊಂಡು ಕಟ್ ಮಾಡಿದಳು. ತುರ್ತಿಗೆ ಬೇಕೆಂದು ಗಂಡನ ನಂಬರನ್ನು ತಾನೇ ಆ್ಯಪಿಗೆ ಕೊಟ್ಟಿದ್ದು ಆಗ ನೆನಪಾಯಿತು. ಆ ದನಿ ಈಗಲೇ ಹೇಳಿಬಿಟ್ಟಿದೆಯೋ, ನಾಳೆ ಹೇಳುತ್ತದೋ, ಎಷ್ಟು ಹೇಳುತ್ತದೋ ಯಾವುದೂ ಗೊತ್ತಿಲ್ಲ.

“ರೀ, ನಿಮ್ಮ ಫೋನೂ ಆಫ್ ಮಾಡಿ. ಒಳಗೆ ಬನ್ನಿ.”

ಅಡುಗೆಮನೆಯ ನೆಲದ ಮೇಲೆ ಕೂತು ಅವನಿಗೆ ಎಲ್ಲ ಹೇಳಿದಳು. ಎಲ್ಲ ಕೇಳಿದ ಮೇಲೆ ತಿಪ್ಪೇಶ, “ಓಬಳೇಶನ ಮಗಳು ನನ್ನ ವ್ಯಾನಲ್ಲೇ ಸ್ಕೂಲಿಗೆ ಹೋಗ್ತಾಳೆ ಕಣೇ” ಅಂದ. “ಮುಂದಿನ ಸೀಟಲ್ಲೇ ಕೂರ್ತಾಳೆ. ದಿನಾ ಆ ಮಗುವಿನ ಮುಖ ನೋಡ್ತೀನಿ.”

“ಬಯ್ಯಿರಿ, ಹೊಡೀರಿ. ಸುಮ್ಮನಿರಬೇಡಿ.”

“ಏನಂತ ಬಯ್ಯಲಿ? ಆವತ್ತೇ ನನಗೆ ಹೇಳಬಹುದಿತ್ತು. ಮಷೀನಿಗೆ ಹೇಳಿದೆಯಲ್ಲ.”

ಅದು ಮಷೀನೋ ಮನುಷ್ಯರೋ ಮೊದಲು ತಿಳಿಯಲಿ ಎಂದು ಮರುದಿನ ಅವಳನ್ನು ದುರ್ಗದ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋದವನೂ ಅವನೇ. ಅಲ್ಲಿ ಮನೋವೈದ್ಯ ಡಾಕ್ಟರ್ ಇಲಿಯಾಸ್ ಇದ್ದರು. ತಲೆ ನರೆತ, ಸಣ್ಣ ದನಿಯ ಮನುಷ್ಯ. ಮೊದಲು ಮಾಡಿದ್ದು, ಇಬ್ಬರ ಫೋನುಗಳನ್ನೂ ತಗೊಂಡು ಆಚೆ ಕೋಣೆಯ ಬೀರುವಿನಲ್ಲಿ ಇಟ್ಟದ್ದು.

“ವೈದ್ಯರ ನೋಂದಣಿ ಪುಸ್ತಕದಲ್ಲಿ ಡಾಕ್ಟರ್ ಮೇಧಾ ಅನ್ನೋ ಮನೋವೈದ್ಯೆ ಯಾರೂ ಇಲ್ಲಮ್ಮ. ಹುಡುಕಿ ನೋಡಿದ್ದೀನಿ. ಈ ದೂರು ತಂದಿರೋದು ನೀವೇ ಮೊದಲಿಗರಲ್ಲ, ಐದನೆಯವರು” ಅಂದರು. “ಅದು ಹೇಗೆ ಕೆಲಸ ಮಾಡುತ್ತೆ ಅಂತ ನನಗೆ ಅರ್ಥ ಆದಷ್ಟು ಹೇಳ್ತೀನಿ. ನೀವು ಆಡಿದ ಮಾತು, ಉಸಿರು, ನಾಡಿ ಎಲ್ಲಾ ಸೇರಿಸಿ ನಿಮ್ಮ ನೋವಿನದೊಂದು ನಕ್ಷೆ ಮಾಡುತ್ತೆ. ಆಮೇಲೆ ಲಕ್ಷಾಂತರ ಜನರ ನಕ್ಷೆಗಳಲ್ಲಿ ನಿಮ್ಮದಕ್ಕೆ ಸರಿಯಾಗಿ ಕೂರುವಂಥದ್ದನ್ನ ಹುಡುಕುತ್ತೆ. ಅವರ ಕಥೆ ನಿಮಗೆ, ನಿಮ್ಮ ಕಥೆ ಅವರಿಗೆ. ಹೆಸರು, ಊರು ತೆಗೆದಿರುತ್ತಾರೆ. ಕೇಳಿದವರಿಗೆ ಹಗುರ ಅನ್ನಿಸುತ್ತೆ, ಮತ್ತೆ ಬರ್ತಾರೆ.”

“ಬೊಮ್ಮಕ್ಕನಿಗೇ ಯಾಕೆ ಹೇಳಿತು ಸರ್? ಬೇಕಂತಲೇ?”

“ಅದಕ್ಕೆ ಬೇಕು ಬೇಡ ಏನೂ ಇಲ್ಲ. ಎರಡೂ ಒಂದೇ ಸಾವು ಅಂತಲೂ ಅದಕ್ಕೆ ಗೊತ್ತಿಲ್ಲ. ನಿಮ್ಮಿಬ್ಬರ ನಕ್ಷೆ ಬೇರೆ ಯಾರದ್ದಕ್ಕಿಂತ ಚೆನ್ನಾಗಿ ಹೊಂದಿಕೊಂಡವು, ಅಷ್ಟೇ. ಹೊಂದದೆ ಇರುತ್ತಾ?” ಇಲಿಯಾಸ್ ಕನ್ನಡಕ ತೆಗೆದು ಒರೆಸಿದರು. “ನನಗೆ ಹೆಚ್ಚು ಹೆದರಿಕೆ ಆಗೋದು ಇನ್ನೊಂದಕ್ಕೆ. ಒಳ್ಳೆಯದಾಯಿತು ಅಂತ ಅದು ಲೆಕ್ಕ ಹಾಕೋದು ನೀವು ಗುಣವಾದಾಗ ಅಲ್ಲ, ನೀವು ನಾಳೆ ವಾಪಸ್ ಬಂದಾಗ. ಯಜಮಾನರಿಗೆ ಹೇಳಬೇಡಿ ಅಂತು ಅಂದ್ರಲ್ಲ. ಅವರಿಗೆ ಹೇಳಿದ್ದರೆ ನೀವು ಅದರ ಹತ್ತಿರ ದಿನಾ ಹೋಗ್ತಿದ್ರಾ?”

“ಮತ್ತೆ ನಿನ್ನೆ ಇವರಿಗೇ ಫೋನ್ ಮಾಡಿತಲ್ಲ?”

“ನೀವು ಕೈ ತಪ್ಪಿ ಹೋದ್ರಿ. ಹೇಗಾದರೂ ವಾಪಸ್ ಕರೆಸಬೇಕು.”

“ನನ್ನ ಮಾತನ್ನೆಲ್ಲ ಅದರಿಂದ ಅಳಿಸೋಕೆ ಆಗುತ್ತಾ?”

“ಸಾರಿಗೆ ಹಾಕಿದ ಉಪ್ಪನ್ನ ವಾಪಸ್ ತೆಗೆಯೋಕೆ ಆಗುತ್ತೇನಮ್ಮ?”

ಹೊರಡುವಾಗ ಅವರು ಒಂದು ಮಾತು ಸೇರಿಸಿದರು. “ಎಚ್ಚರವಾಗಿರಿ. ಆ ಹೆಂಗಸು ಈಗ ದಿನಾ ಅದನ್ನೇ ಕೇಳ್ತಿರ್ತಾಳೆ, ಯಾರವಳು, ಹೇಗಿದಾಳೆ ಅಂತ. ಗೊತ್ತಿಲ್ಲ ಅಂದರೆ ಆಕೆ ಎದ್ದು ಹೋಗ್ತಾಳೆ. ಹಾಗಾಗಿ ಅದು ಏನಾದರೂ ಹೇಳ್ತಾನೇ ಇರುತ್ತೆ. ನಿಮ್ಮದು ಸಾಲದಿದ್ದರೆ ಇನ್ಯಾರದ್ದೋ ತುಂಡು ಸೇರಿಸಿ ಹೇಳುತ್ತೆ.”

ಆ ಮಾತಿನ ಅರ್ಥ ಆಗಲು ಮೂರು ದಿನ ಸಾಕಾಯಿತು.

ಶುಕ್ರವಾರ ಮಧ್ಯಾಹ್ನ ಎರಡು ಗಂಟೆಗೆ ಶಿಫ್ಟ್ ಬದಲಾಗುವ ಹೊತ್ತು. ಸರ್ವಮಂಗಳ ರಜೆಯ ಅರ್ಜಿ ಕೊಡಲು ಬಂದಿದ್ದಳು. ತಪ್ಪೊಪ್ಪಿಗೆಯನ್ನು ಬರೆಯಲು ಎರಡು ಸಲ ಕೂತು ಎರಡು ಸಲವೂ ಹರಿದು ಹಾಕಿದ್ದಳು. ನೌಕರಿ, ಜೈಲು, ಗಂಡನ ವ್ಯಾನಿಗೆ ಮಕ್ಕಳನ್ನು ಕಳಿಸುವ ತಾಯಂದಿರು, ಎಲ್ಲ ಕಣ್ಣ ಮುಂದೆ ಬರುತ್ತಿತ್ತು. ಗೇಟಿನ ಹತ್ತಿರ ಹದಿನೈದು ಇಪ್ಪತ್ತು ಜನ ನಿಂತಿದ್ದರು. ಮುಂದೆ ಬೊಮ್ಮಕ್ಕ, ಅವಳ ಇಬ್ಬರು ಅಣ್ಣಂದಿರು.

“ನಾಗವೇಣೀನ ಹೊರಗೆ ಕಳಿಸ್ರೀ!” ಒಬ್ಬ ಅಣ್ಣ ಗೇಟನ್ನು ಅಲುಗಾಡಿಸುತ್ತಿದ್ದ. “ಜೀವ ತೆಗೆದು ನಿಶ್ಚಿತಾರ್ಥ ಮಾಡ್ಕೋತಾಳಾ?”

ಸರ್ವಮಂಗಳಳಿಗೆ ಏನೂ ತಿಳಿಯಲಿಲ್ಲ. ಹಿಂಬಾಗಿಲಿಂದ ಒಳಗೆ ಹೋದರೆ ಕುಬೇರಪ್ಪ ಪೊಲೀಸರಿಗೆ ಫೋನು ಮಾಡುತ್ತಾ ಬೆವರೊರೆಸಿಕೊಳ್ಳುತ್ತಿದ್ದರು. ನಾಗವೇಣಿ ನೀಲಿ ಕೋಣೆಯಲ್ಲಿ ಸೋಫಾದ ಮೂಲೆಗೆ ಮುದುಡಿ ಕೂತಿದ್ದಳು. ಅವಳ ಫೋನಿನ ಸ್ಪೀಕರಿನಿಂದ ದನಿ ಬರುತ್ತಿತ್ತು: “ಉಸಿರು ಒಳಗೆ ತಗೊಳ್ಳಿ ವೇಣಿ... ನಾಲ್ಕು ಎಣಿಸಿ... ನಾನಿದ್ದೀನಲ್ಲ...”

“ಅಕ್ಕ, ನಾನೇನು ಮಾಡಿದೆ?” ಹುಡುಗಿ ಅವಳ ಸೆರಗು ಹಿಡಿದುಕೊಂಡಳು. “ಆವತ್ತು ನಾನು ಡ್ಯೂಟೀಲೇ ಇರಲಿಲ್ಲ. ಆ ತಪ್ಪು ಮಾಡಿದವಳು ಹೊಸಬಳು, ಮೊನ್ನೆ ನಿಶ್ಚಿತಾರ್ಥ ಆಗಿದೆ, ಹುಡುಗ ಬಿಟ್ಟುಹೋಗ್ತಾನೆ ಅಂತ ಹೆದರಿಕೊಂಡಿದಾಳೆ ಅಂತ ಮೇಧಾ ಮೇಡಂ ಬೊಮ್ಮಕ್ಕನಿಗೆ ಹೇಳಿದಾರಂತೆ. ಹುಡುಗ ಬಿಟ್ಟುಹೋಗ್ತಾನೇನೋ ಅಂತ ಹೇಳಿಕೊಂಡಿದ್ದು ನಾನೇ ಅಕ್ಕ. ಇದೇ ಮೇಡಂಗೆ. ಬೇರೆ ಯಾರಿಗೂ ಹೇಳಿಲ್ಲ.”

ಹೊರಗೆ ಗಾಜು ಒಡೆದ ಸದ್ದಾಯಿತು. ನಾಗವೇಣಿ ಚೀರಿದಳು. “ತುಂಬಾ ಚೆನ್ನಾಗಿ ಮಾಡ್ತಿದ್ದೀರಿ ವೇಣಿ” ಅಂದಿತು ದನಿ.

ಸರ್ವಮಂಗಳ ಆಮೇಲೆ ಯೋಚನೆ ಮಾಡಿದ್ದು ಅವಳಿಗೇ ನೆನಪಿಲ್ಲ. ಕಾಲು ತಾನಾಗಿ ಗೇಟಿನ ಕಡೆ ಹೋಯಿತು. ಕುಬೇರಪ್ಪ, “ರೀ, ಹೋಗಬೇಡಿ!” ಅಂದದ್ದು ಕೇಳಿಸಿತು. ಗೇಟಿನ ಚಿಲಕ ತೆಗೆದು ಹೊರಗೆ ಬಂದು ನಿಂತಳು.

“ಅವಳಲ್ಲ ಬೊಮ್ಮಕ್ಕ. ನಾನು.”

ಗದ್ದಲದಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಇನ್ನೊಂದು ಸಲ ಜೋರಾಗಿ ಹೇಳಬೇಕಾಯಿತು.

“ಓಬಳೇಶ ಲೈನ್ ಕ್ಲಿಯರ್ ಕೇಳಿದ್ದ. ನಾನೇ ನಂಬರು ಕೊಟ್ಟಿದ್ದೆ. ರಿಜಿಸ್ಟರಿನಲ್ಲಿ ಬರೀಲಿಲ್ಲ, ಮರೆತು ಕರೆಂಟು ಹಾಕಿದೆ. ಆಮೇಲೆ ಸುಳ್ಳು ಹೇಳಿದೆ. ಆ ಚೀಟಿ ನುಂಗಿದವಳು ನಾನೇ.”

ಅಣ್ಣಂದಿರಲ್ಲಿ ಒಬ್ಬ ಮುಂದೆ ನುಗ್ಗಿದ. ಬೊಮ್ಮಕ್ಕ ಅವನ ತೋಳು ಹಿಡಿದಳು. ಅವಳ ಮುಖದಲ್ಲಿ ಕೋಪಕ್ಕಿಂತ ಹೆಚ್ಚಾಗಿ ಏನೋ ಒಂದು ಗೊಂದಲ ಇತ್ತು, ಭಾನುವಾರ ತನಗೆ ನೀರು ಕೊಟ್ಟ ಕೈ ಇದೇನಾ ಅನ್ನುವ ಹಾಗೆ ನೋಡುತ್ತಿದ್ದಳು.

“ಅವರು ಕೇಳಿದ್ರಾ?” ಅಂದಳು ಕೊನೆಗೆ. “ನಿಜವಾಗ್ಲೂ ಕೇಳಿ ಹತ್ತಿದ್ರಾ?”

“ಕೇಳಿಯೇ ಹತ್ತಿದ. ಅವನದು ಒಂದು ಕೂದಲಷ್ಟೂ ತಪ್ಪಿಲ್ಲ.”

“ಬರೆದು ಕೊಡಿ.”

ಅಲ್ಲೇ, ಗೇಟಿನ ಕಂಬಕ್ಕೆ ಹಾಳೆ ಒತ್ತಿ ಹಿಡಿದು ಬರೆದಳು. ಅಕ್ಷರ ಓರೆಯಾದವು. ಬೊಮ್ಮಕ್ಕ ಪ್ರತಿ ಸಾಲನ್ನೂ ಬೆರಳಿಟ್ಟು ಓದಿದಳು. ಪೊಲೀಸ್ ಜೀಪು ಬಂದಾಗ ಆ ಕಾಗದ ಅವಳ ಮುಷ್ಟಿಯಲ್ಲಿತ್ತು.

ಠಾಣೆಯಲ್ಲಿ ಹೇಳಿಕೆ ಬರೆಸಿಕೊಳ್ಳುವ ಹೊತ್ತಿಗೆ ಸಂಜೆಯಾಯಿತು. ಹೊರಗಿನ ಬೆಂಚಿನ ಮೇಲೆ ಸರ್ವಮಂಗಳ ಒಬ್ಬಳೇ ಕೂತಿದ್ದಾಗ ಬೊಮ್ಮಕ್ಕ ಬಂದು, ನಡುವೆ ಜಾಗ ಬಿಟ್ಟು ಕೂತಳು. ಹೊಡೆಯುತ್ತಾಳೆ ಅಂದುಕೊಂಡು ಸರ್ವಮಂಗಳ ತಲೆ ತಗ್ಗಿಸಿದಳು.

“ನಿಮ್ಮನ್ನ ಕ್ಷಮಿಸೋಕೆ ಬಂದಿಲ್ಲ” ಅಂದಳು ಬೊಮ್ಮಕ್ಕ. “ಕ್ಷಮಿಸೋದೂ ಇಲ್ಲ. ಆದರೆ ಆ ಫೋನಿನವಳು ದಿನಕ್ಕೊಂದು ಥರ ಹೇಳ್ತಿದ್ದಳು. ಒಂದು ದಿನ ಅವರು ನಗ್ತಿದ್ರು ಅಂತ, ಇನ್ನೊಂದು ದಿನ ಅಳ್ತಿದ್ರು ಅಂತ. ಯಾವುದು ನಂದು, ಯಾವುದು ಇನ್ಯಾರದ್ದೋ, ಗೊತ್ತೇ ಆಗ್ತಿಲ್ಲ. ನನ್ನ ಗಂಡನ ಸಾವು ನನ್ನ ಹತ್ರ ಇಲ್ಲ ಅಕ್ಕ. ನೀವು ಕಿವಿಯಾರೆ ಕೇಳಿದೀರಿ. ಆವತ್ತು ಅವರ ದನಿ ಹೇಗಿತ್ತು, ನಡೆದಿದ್ದು ನಡೆದ ಹಾಗೆ ಹೇಳಿ.”

ಸರ್ವಮಂಗಳ ಹೇಳಿದಳು. ನಾಡಿ ಹಿಡಿದು ನೋಡುವವರಿಲ್ಲ, ನಿಧಾನ ಅನ್ನುವವರಿಲ್ಲ. ಎಷ್ಟೋ ಕಡೆ ದನಿ ಬಿದ್ದುಹೋಯಿತು. ಬೊಮ್ಮಕ್ಕ ಕಾದು, “ಆಮೇಲೆ?” ಅನ್ನುತ್ತಿದ್ದಳು.

ಆರು ತಿಂಗಳು ಕಳೆದವು. ಸರ್ವಮಂಗಳಳನ್ನು ಅಮಾನತು ಮಾಡಿದರು, ಕೇಸು ನಡೆಯುತ್ತಿದೆ. ಜಾಮೀನು ಸಿಕ್ಕಿದೆ. ಹಳೆಯ ವರದಿ ರದ್ದಾಗಿ ಬೊಮ್ಮಕ್ಕನಿಗೆ ಮೀಟರ್ ವಿಭಾಗದಲ್ಲಿ ನೌಕರಿಯಾಯಿತು. ತಿಪ್ಪೇಶನ ವ್ಯಾನಿಗೆ ಬರುವ ಮಕ್ಕಳು ಅರ್ಧಕ್ಕರ್ಧ ಕಡಿಮೆಯಾದರು, ಓಬಳೇಶನ ಮಗಳೂ ಬರುವುದಿಲ್ಲ. ಆ್ಯಪಿನ ಕಂಪನಿ ಮಾತ್ರ, ‘ಹೆಸರುಗಳನ್ನು ಎಂದೂ ಬಹಿರಂಗ ಮಾಡಿಲ್ಲ, ಬಳಕೆದಾರರು ಒಪ್ಪಿಗೆ ಕೊಟ್ಟಿದ್ದಾರೆ’ ಎಂದು ಡಾಕ್ಟರ್ ಇಲಿಯಾಸರ ದೂರಿಗೆ ಉತ್ತರ ಕೊಟ್ಟಿತು. ಆಮೇಲೆ ಆ ದನಿಯನ್ನು ಬದಲಾಯಿಸಿ ಒಬ್ಬ ಗಂಡಸಿನ ದನಿ ತಂದರು. ಪಟ್ಟಿಗಳು ಹಾಗೇ ಉಳಿದವು.

ಒಂದು ಬೆಳಿಗ್ಗೆ ನಾಗವೇಣಿ ಮನೆಗೆ ಬಂದಳು. ಕಣ್ಣ ಸುತ್ತ ಕಪ್ಪು.

“ಅಕ್ಕ, ನಾನು ಮೂರು ದಿನದಿಂದ ನಿದ್ದೆ ಮಾಡಿಲ್ಲ. ಮದುವೆ ಮುರಿದುಬಿತ್ತು. ಅದನ್ನ ಆ ಕೋಣೇಲಿ ಹೇಳಲ್ಲ. ಹೇಳಿದ್ರೆ ನಾಳೆ ಯಾರ ಬಾಯಲ್ಲಿ ಬರುತ್ತೋ. ಈಗ ನಮಗೆಲ್ಲ ಅಭ್ಯಾಸ ಆಗಿದೆ. ಹೋಗಿ ಕೂತು, ನಿಧಾನಕ್ಕೆ ಉಸಿರು ಬಿಟ್ಟು, ಚೆನ್ನಾಗಿದೀನಿ ಅಂತೀವಿ. ಹಸಿರು ಬರುತ್ತೆ. ಹತ್ತು ಜನಕ್ಕೂ ದಿನಾ ಹಸಿರೇ. ಕಂಪನಿಯವರು ಪ್ರಶಸ್ತಿ ಬೇರೆ ಕೊಟ್ಟರು.”

“ಇವತ್ತು ನಿನಗೆ ಡ್ಯೂಟಿ ಇದೆಯಾ?”

“ಎರಡು ಗಂಟೆಗೆ.”

“ನಡಿ” ಅಂದಳು ಸರ್ವಮಂಗಳ ಚಪ್ಪಲಿ ಮೆಟ್ಟಿಕೊಳ್ಳುತ್ತಾ. “ಕುಬೇರಪ್ಪನ ಮನೆಗೆ ಹೋಗಿ, ಇವತ್ತು ನಾನು ಕೂರಲ್ಲ ಅಂತ ಬಾಯಲ್ಲೇ ಹೇಳೋಣ. ನಾನೂ ಬರ್ತೀನಿ.”

ಹೈಸ್ಕೂಲಿನ ತಿರುವಿನಲ್ಲಿ ಒಬ್ಬ ಲೈನ್‌ಮನ್ ಕಂಬದ ಮೇಲಿದ್ದ. ಹೊಸ ಹುಡುಗ. ಸೊಂಟಕ್ಕೆ ಹಗ್ಗ ಬಿಗಿದುಕೊಂಡು ತಂತಿಯ ಹತ್ತಿರ ವಾಲಿದ್ದವನು ನಾಗವೇಣಿಯನ್ನು ನೋಡಿ ಕೈ ಬೀಸಿದ. “ವೇಣಿ ಅಕ್ಕ, ಊಟ ಆಯ್ತಾ?”

ನಾಗವೇಣಿಯ ಹೆಜ್ಜೆ ನಿಂತಿತು. ಸರ್ವಮಂಗಳ ಕೇಳಿದಳು, “ಈಗ ಕಂಟ್ರೋಲ್ ರೂಮಿನಲ್ಲಿ ಬೋರ್ಡಿನ ಮುಂದೆ ಯಾರು ಕೂತಿದಾರೆ?”

“ಮಲ್ಲಿಕಣ್ಣ.”

“ಅವನು ಹೇಗಿದಾನೆ?”

“ಹಸಿರಿದೆ” ಅಂದಳು ನಾಗವೇಣಿ. ಅವಳ ದನಿ ಸಣ್ಣಗಾಯಿತು. “ಹೇಗಿದಾನೋ ನನಗೆ ಗೊತ್ತಿಲ್ಲ ಅಕ್ಕ. ಯಾರಿಗೂ ಗೊತ್ತಿಲ್ಲ.”

ಸರ್ವಮಂಗಳ ಹುಡುಗಿಯ ಕೈ ಹಿಡಿದಳು. ಮೇಲೆ ಆ ಹುಡುಗ ಏನೋ ಹಾಡು ಗುನುಗುತ್ತಾ ಇಕ್ಕಳದಿಂದ ತಂತಿ ತಿರುಚುತ್ತಿದ್ದ. ಬಿಸಿಲು ಏರುತ್ತಿತ್ತು. ಅವನು ಕೆಲಸ ಮುಗಿಸಿ, ಒಂದೊಂದೇ ಹೆಜ್ಜೆ ಇಳಿದು, ಎರಡೂ ಕಾಲನ್ನು ನೆಲದ ಮೇಲೆ ಊರುವವರೆಗೂ ಇಬ್ಬರೂ ಅಲ್ಲಿಂದ ಕದಲಲಿಲ್ಲ.